ಫೈರ್‌ವಾಲ್‌ಗೂ ಮೊದಲು ತಂತಿಗಳ ಲೆಕ್ಕ

ಅಂಗೈಯಗಲದ ಪೆಟ್ಟಿಗೆ, ಫ್ಯಾನ್ ಇಲ್ಲ, ಹಿಂಬದಿಯಲ್ಲಿ ಸಾಲಾಗಿ ನಾಲ್ಕು ನೆಟ್‌ವರ್ಕ್ ಪೋರ್ಟ್. ಒಳಗೆ ಇಂಟೆಲ್ ಕಂಪನಿ 2023ರ ಆರಂಭದಲ್ಲಿ ಹೊರತಂದ ಎನ್100 ಪ್ರೊಸೆಸರ್: ನಾಲ್ಕು ಕೋರ್, ಕಂಪನಿಯ ಲೆಕ್ಕದಲ್ಲಿ 6 ವ್ಯಾಟ್. ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವವರಿಗೆ ಇಂಥ ಪೆಟ್ಟಿಗೆಗಳೆಂದರೆ ಈಗ ಬಹಳ ಅಚ್ಚುಮೆಚ್ಚು. ಕುಟುಂಬದ ಫೋಟೊಗಳು, ಸಿನಿಮಾ ಸಂಗ್ರಹ, ಗೇಟಿನ ಕ್ಯಾಮೆರಾದ ರೆಕಾರ್ಡಿಂಗ್, ಲೈಟು-ಫ್ಯಾನು ನಿಯಂತ್ರಿಸುವ ತಂತ್ರಾಂಶ ಎಲ್ಲವೂ ಅದೊಂದರಲ್ಲೇ ಬೇರೆಬೇರೆ ವರ್ಚುವಲ್ ಕಂಪ್ಯೂಟರ್‌ಗಳಾಗಿ ಓಡುತ್ತವೆ. ಇಷ್ಟೆಲ್ಲ ಅಲ್ಲೇ ಇರುವಾಗ ಇಡೀ ಮನೆಯ ಇಂಟರ್‌ನೆಟ್ ಕಾಯುವ ಫೈರ್‌ವಾಲನ್ನೂ ಅದರೊಳಗೇ ಏಕೆ ಕೂರಿಸಬಾರದು ಎಂಬ ಯೋಚನೆ ಬಂದೇ ಬರುತ್ತದೆ. ಕೂರಿಸಬಹುದು. ಚೆನ್ನಾಗಿಯೂ ಕೆಲಸ ಮಾಡುತ್ತದೆ.

ಹೀಗೆ ಕೂರಿಸಿದವರಲ್ಲಿ ಹೆಚ್ಚಿನವರು ಮೊದಲ ದಿನದಿಂದಲೇ ನಿಯಮ ಬರೆಯುವುದರಲ್ಲಿ ಮುಳುಗುತ್ತಾರೆ. ಯಾರನ್ನು ಒಳಬಿಡಬೇಕು, ಯಾವುದನ್ನು ತಡೆಯಬೇಕು, ಜಾಹೀರಾತು ಹೇಗೆ ನಿಲ್ಲಿಸಬೇಕು ಎಂಬುದರ ಮೇಲೇ ಗಮನ. ಮನೆಯ ಜಾಲದ ಸುರಕ್ಷತೆಯಾದರೋ ಅದಕ್ಕೂ ಮೊದಲೇ, ನೆಟ್‌ವರ್ಕ್ ಇಂಟರ್‌ಫೇಸ್‌ಗಳನ್ನು ಹೊಂದಿಸುವಾಗಲೇ ತೀರ್ಮಾನವಾಗಿರುತ್ತದೆ. ಯಾವ ತಂತಿ ಯಾವ ಬ್ರಿಡ್ಜ್‌ಗೆ ಸೇರಿದೆ, ಆ ಬ್ರಿಡ್ಜ್‌ನಲ್ಲಿ ಯಾರಿಗೆಲ್ಲ ವಿಳಾಸ ಇದೆ ಎಂಬ ನಕ್ಷೆ ತಪ್ಪಿದರೆ ಎಷ್ಟು ಬಿಗಿಯಾದ ನಿಯಮ ಬರೆದರೂ ಪ್ಯಾಕೆಟ್‌ಗಳು ಅದರ ಮುಂದೆ ಬರುವುದೇ ಇಲ್ಲ, ಪಕ್ಕದಿಂದ ದಾಟಿಹೋಗುತ್ತವೆ.

ಈ ಕೆಲಸಕ್ಕೆ ಮನೆಗಳಲ್ಲಿ ಬಳಕೆಯಲ್ಲಿರುವ ಎರಡು ಮುಖ್ಯ ಫೈರ್‌ವಾಲ್‌ಗಳ ಬೇರು ಒಂದೇ. 2001ರಲ್ಲಿ ಪರವಾನಗಿಯ ತಕರಾರಿನಿಂದಾಗಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಂಡ ತನ್ನ ಹಳೆಯ ಪ್ಯಾಕೆಟ್ ಫಿಲ್ಟರನ್ನು ಕೈಬಿಟ್ಟಿತು. ಡೇನಿಯಲ್ ಹಾರ್ಟ್‌ಮೈಯರ್ ಹೊಸದಾಗಿ ಬರೆದ ‘ಪಿಎಫ್’ ಆ ವರ್ಷದ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ 3.0 ಜೊತೆ ಹೊರಬಂತು. ಇನ್ನೊಂದು ಕಡೆ ಮಾನ್ಯುಯೆಲ್ ಕ್ಯಾಸ್ಪರ್ 2003ರಲ್ಲಿ ‘ಮೊನೊವಾಲ್’ ಎಂಬ ಪುಟ್ಟ ಫೈರ್‌ವಾಲ್ ತಂದರು. ಅದನ್ನೆಲ್ಲ ಬ್ರೌಸರ್‌ನಲ್ಲೇ ಹೊಂದಿಸಬಹುದಿತ್ತು. 2004ರಲ್ಲಿ ಅದರಿಂದ ಕವಲೊಡೆದು ಪಿಎಫ್ ಅನ್ನು ಬಳಸಿಕೊಂಡದ್ದು ಪಿಎಫ್‌ಸೆನ್ಸ್. 2015ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಡೆಸಿಸೊ ಕಂಪನಿ ಪಿಎಫ್‌ಸೆನ್ಸ್‌ನಿಂದ ಓಪಿಎನ್‌ಸೆನ್ಸ್ ಕವಲನ್ನು ಎಬ್ಬಿಸಿತು. ಮರುತಿಂಗಳು ಮೊನೊವಾಲ್ ಯೋಜನೆಗೆ ತೆರೆ ಎಳೆದ ಕ್ಯಾಸ್ಪರ್ ತಮ್ಮ ಬಳಕೆದಾರರಿಗೆ ಓಪಿಎನ್‌ಸೆನ್ಸ್ ನೋಡುವಂತೆ ಸೂಚಿಸಿದರು. ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡೂ ಇಂದಿಗೂ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಿಂತಿವೆ.

ಅವುಗಳಿಗೆ ಆಸರೆ ಕೊಡುವ ಹೋಸ್ಟ್ ಬಹುತೇಕ ಮನೆಗಳಲ್ಲಿ ಲಿನಕ್ಸ್. 2007ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ ಕರ್ನಲ್ 2.6.20ರಲ್ಲಿ ಕೆವಿಎಂ ಸೇರಿಕೊಂಡಿತು. ಅಂದಿನಿಂದ ಸಾಮಾನ್ಯ ಕಂಪ್ಯೂಟರ್ ಕೂಡ ತನ್ನೊಳಗೆ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು ಸರಾಗವಾಗಿ ಓಡಿಸಬಲ್ಲದು. ಡೆಬಿಯನ್ ಮೇಲೆ ಕೆವಿಎಂ ಕೂರಿಸಿ, ಎಲ್ಲವನ್ನೂ ಬ್ರೌಸರ್‌ನಿಂದ ನಡೆಸಲು ಬರುವಂತೆ ಮಾಡಿದ ಪ್ರಾಕ್ಸ್‌ಮಾಕ್ಸ್ 2008ರಲ್ಲಿ ಆಸ್ಟ್ರಿಯಾದ ವಿಯೆನ್ನಾದಿಂದ ಬಂತು. ಮುಂದಿನ ವಿವರಣೆಗೆ ಪ್ರಾಕ್ಸ್‌ಮಾಕ್ಸ್ ಮೇಲೆ ಕೂತ ಓಪಿಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್ ಎಂಬ ಜೋಡಿಯನ್ನೇ ಇಟ್ಟುಕೊಳ್ಳಬಹುದು.

ಮೊದಲು ಅರ್ಥವಾಗಬೇಕಾದದ್ದು ಮೂರು ಮಟ್ಟಗಳು. ಕೆಳಗೆ ತಂತಿ ಸಿಕ್ಕಿಸುವ ನಿಜವಾದ ಪೋರ್ಟ್. ಲಿನಕ್ಸ್ ಅದಕ್ಕೆ ‘ಇಎನ್‌ಪಿ1ಎಸ್0’ ಥರದ ಹೆಸರು ಕೊಡುತ್ತದೆ. ಕಾರ್ಡ್ ಯಾವ ಪಿಸಿಐ ಬಸ್‌ನಲ್ಲಿ, ಯಾವ ಸ್ಲಾಟ್‌ನಲ್ಲಿ ಕೂತಿದೆ ಎಂಬುದು ಆ ಅಂಕಿಗಳಲ್ಲೇ ಅಡಗಿದೆ. ನಡುವೆ ಬ್ರಿಡ್ಜ್, ಅಂದರೆ ತಂತ್ರಾಂಶದಲ್ಲೇ ಮಾಡಿದ ಸ್ವಿಚ್. ಪ್ರಾಕ್ಸ್‌ಮಾಕ್ಸ್‌ನಲ್ಲಿ ಅವುಗಳ ಹೆಸರು ‘ವಿಎಂಬಿಆರ್0’, ‘ವಿಎಂಬಿಆರ್1’ ಹೀಗೆ. ಮೇಲೆ ಫೈರ್‌ವಾಲಿನ ವರ್ಚುವಲ್ ಕಾರ್ಡ್. ಫ್ರೀಬಿಎಸ್‌ಡಿಗೆ ಅದು ‘ವಿಟಿನೆಟ್0’, ‘ವಿಟಿನೆಟ್1’ ಎಂದು ಕಾಣುತ್ತದೆ; ಹೋಸ್ಟ್‌ನ ಕಡೆಯಿಂದ ಅದೇ ಕಾರ್ಡ್ ‘ಟ್ಯಾಪ್100ಐ0’, ಅಂದರೆ 100ನೇ ವರ್ಚುವಲ್ ಕಂಪ್ಯೂಟರಿನ ಸೊನ್ನೆಯ ಕಾರ್ಡ್.

ಒಂದೇ ದಾರಿಗೆ ನಾಲ್ಕು ಹೆಸರಾದ್ದರಿಂದ ಗೊಂದಲ ಶುರುವಾಗುವುದೂ ಇಲ್ಲಿಂದಲೇ. ಪೆಟ್ಟಿಗೆಯ ಮೇಲೆ ಅಚ್ಚಾದ ‘1, 2, 3, 4’ ಎಂಬ ಗುರುತಿಗೂ ಲಿನಕ್ಸ್ ಕೊಟ್ಟ ಹೆಸರಿನ ಕ್ರಮಕ್ಕೂ ತಾಳೆಯಾಗಲೇಬೇಕೆಂದಿಲ್ಲ. ಫೈರ್‌ವಾಲ್‌ಗಳ ರೂಢಿಯೂ ಒಂದೇ ಅಲ್ಲ. ಪಿಎಫ್‌ಸೆನ್ಸ್ ಮೊದಲ ಕಾರ್ಡನ್ನು ಹೊರಗಿನ ಜಾಲಕ್ಕೆ, ಎರಡನೆಯದನ್ನು ಒಳಗಿನ ಜಾಲಕ್ಕೆ ಹಂಚುವುದು ವಾಡಿಕೆ. ಓಪಿಎನ್‌ಸೆನ್ಸ್ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಒಂದರಿಂದ ಇನ್ನೊಂದಕ್ಕೆ ಹೋದವರು ತಂತಿ ಬದಲಿಸದೆ ಕೂತರೆ ಒಳಜಾಲದ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆ ಇಂಟರ್‌ನೆಟ್ ಪೂರೈಸುವವರ ಕಡೆಗೆ ಮುಖಮಾಡಿ ನಿಲ್ಲುತ್ತದೆ.

ಇದನ್ನು ತಪ್ಪಿಸಲು ನೆಚ್ಚಿಕೊಳ್ಳಬಹುದಾದ ಗುರುತು ಮ್ಯಾಕ್ ವಿಳಾಸ. ಪ್ರತಿ ಪೋರ್ಟಿಗೂ, ಪ್ರತಿ ವರ್ಚುವಲ್ ಕಾರ್ಡಿಗೂ ಅದರದ್ದೇ 12 ಅಕ್ಷರದ ಮ್ಯಾಕ್ ಇರುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಹಾರ್ಡ್‌ವೇರ್ ಪುಟದಲ್ಲಿ ಕಾಣುವ ಮ್ಯಾಕ್, ಫೈರ್‌ವಾಲ್ ತನ್ನ ಪರದೆಯಲ್ಲಿ ತೋರಿಸುವ ಮ್ಯಾಕ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾವುದೆಂದು ಊಹಿಸಬೇಕಿಲ್ಲ. ನಿಜವಾದ ಪೋರ್ಟ್ ಹುಡುಕಲು ಇನ್ನೂ ಸುಲಭದ ದಾರಿ ಇದೆ. ಲಿನಕ್ಸ್‌ನ ‘ಎಥ್‌ಟೂಲ್’ ಆದೇಶಕ್ಕೆ ಪೋರ್ಟಿನ ಹೆಸರು ಕೊಟ್ಟು ಗುರುತಿಸು ಎಂದರೆ, ಕಾರ್ಡಿಗೆ ಆ ಸೌಲಭ್ಯ ಇದ್ದಲ್ಲಿ, ಪೋರ್ಟಿನ ಪುಟ್ಟ ದೀಪ ಮಿನುಗುತ್ತದೆ. ಗುರುತು ಸಿಕ್ಕಿದ ಮೇಲೆ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ, ಕಾಗದದಲ್ಲಿ ಒಂದು ಕೋಷ್ಟಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಪೋರ್ಟ್, ಮ್ಯಾಕ್, ಬ್ರಿಡ್ಜ್, ವರ್ಚುವಲ್ ಕಾರ್ಡ್, ಕೆಲಸ. ಇಂಟರ್‌ನೆಟ್ ಕೈಕೊಟ್ಟ ದಿನ ಕಂಪ್ಯೂಟರಿನಲ್ಲಿ ಬರೆದಿಟ್ಟ ಟಿಪ್ಪಣಿ ತೆರೆಯದೇ ಹೋಗಬಹುದು, ಕಾಗದ ಕೈಯಲ್ಲಿರುತ್ತದೆ.

ಈಗ ನಕ್ಷೆ. ನಾಲ್ಕು ಪೋರ್ಟಿನ ಪೆಟ್ಟಿಗೆಗೆ ಹೊಂದುವ ಒಂದು ವ್ಯವಸ್ಥೆ ಹೀಗಿರಬಹುದು. ಮೊದಲ ಪೋರ್ಟ್ ಹೊರಗಿನ ಇಂಟರ್‌ನೆಟ್‌ಗೆ; ಅದು ವಿಎಂಬಿಆರ್1ಕ್ಕೆ ಸೇರುತ್ತದೆ. ಎರಡನೆಯದು ಮನೆಯ ಸ್ವಿಚ್‌ಗೆ, ವೈಫೈ ಪೆಟ್ಟಿಗೆಗೆ, ಅದು ವಿಎಂಬಿಆರ್0. ಮೂರನೆಯದು ಕ್ಯಾಮೆರಾ, ಟಿವಿಯಂಥ ನಂಬಿಕೆ ಸಾಲದ ಸಾಧನಗಳಿಗೆ, ವಿಎಂಬಿಆರ್2. ನಾಲ್ಕನೆಯದಕ್ಕೆ ಸದ್ಯ ಕೆಲಸವಿಲ್ಲ. ಅದರ ಸರದಿ ಆಮೇಲೆ ಬರುತ್ತದೆ. ಫೈರ್‌ವಾಲಿಗೆ ಮೂರು ವರ್ಚುವಲ್ ಕಾರ್ಡ್, ಪ್ರತಿ ಬ್ರಿಡ್ಜ್‌ಗೂ ಒಂದೊಂದು. ಒಳಜಾಲದಲ್ಲಿ ಫೈರ್‌ವಾಲಿನ ವಿಳಾಸ 192.168.10.1, ಹೋಸ್ಟ್‌ನದು 192.168.10.2. ಹೋಸ್ಟ್ ತನ್ನ ಅಪ್‌ಡೇಟ್ ತರಿಸಿಕೊಳ್ಳಲು ಗೇಟ್‌ವೇ ಎಂದು ನಮೂದಿಸುವುದು 192.168.10.1ನ್ನೇ. ತನ್ನೊಳಗೆ ಓಡುವ ಫೈರ್‌ವಾಲಿನ ಮೂಲಕವೇ ಹೋಸ್ಟ್ ಕೂಡ ಹೊರಜಗತ್ತಿಗೆ ಹೋಗುತ್ತದೆ.

ಹೋಸ್ಟ್‌ನ ಆ ವಿಳಾಸ ಕೈಯಾರೆ ಬರೆದ ಸ್ಥಿರ ವಿಳಾಸವೇ ಆಗಿರಬೇಕು. ಫೈರ್‌ವಾಲಿನ ಡಿಎಚ್‌ಸಿಪಿಯಿಂದ ಪಡೆಯುವಂತೆ ಬಿಟ್ಟರೆ ಫೈರ್‌ವಾಲ್ ಏಳದ ದಿನ ಹೋಸ್ಟ್‌ಗೆ ವಿಳಾಸವಿರುವುದಿಲ್ಲ, ವಿಳಾಸವಿಲ್ಲದೆ ಅದರ ಪುಟ ತೆರೆಯುವುದಿಲ್ಲ, ಪುಟ ತೆರೆಯದೆ ಫೈರ್‌ವಾಲನ್ನು ಎಬ್ಬಿಸಲಾಗುವುದಿಲ್ಲ. ಫೈರ್‌ವಾಲಿನ ಅನುಸ್ಥಾಪನಾ ಫೈಲನ್ನು ಹಳೆಯ ರೌಟರ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಇಳಿಸಿಟ್ಟುಕೊಳ್ಳಬೇಕಾದದ್ದೂ ಇಂಥದ್ದೇ ಕಾರಣಕ್ಕೆ: ಫೈರ್‌ವಾಲ್ ಏಳುವವರೆಗೆ ಇಂಟರ್‌ನೆಟ್ ಇರುವುದಿಲ್ಲ.

ಇಡೀ ನಕ್ಷೆಯಲ್ಲಿ ಅತಿ ಮುಖ್ಯವಾದದ್ದು ಒಂದು ಖಾಲಿ ಜಾಗ. ವಿಎಂಬಿಆರ್1, ಅಂದರೆ ಹೊರಗಿನ ಬ್ರಿಡ್ಜ್‌ನಲ್ಲಿ, ಹೋಸ್ಟ್‌ಗೆ ವಿಳಾಸವೇ ಇರಕೂಡದು. ಪ್ರಾಕ್ಸ್‌ಮಾಕ್ಸ್‌ನ ನೆಟ್‌ವರ್ಕ್ ಪುಟದಲ್ಲಿ ವಿಳಾಸ, ಗೇಟ್‌ವೇ ಎರಡರ ಚೌಕವನ್ನೂ ಖಾಲಿ ಬಿಟ್ಟು, ಬ್ರಿಡ್ಜ್‌ಗೆ ಸೇರುವ ಪೋರ್ಟಿನ ಹೆಸರನ್ನಷ್ಟೇ ಬರೆಯಬೇಕು. ಆಗ ಹೋಸ್ಟ್ ಆ ತಂತಿಯಲ್ಲಿ ಬಂದ ಪ್ಯಾಕೆಟನ್ನು ಫೈರ್‌ವಾಲಿನ ಕಾರ್ಡಿಗೆ ಮುಟ್ಟಿಸುತ್ತದೆಯೇ ಹೊರತು ತಾನು ಉತ್ತರ ಕೊಡುವುದಿಲ್ಲ. ಅಲ್ಲೊಂದು ವಿಳಾಸ ಬಿದ್ದರೆ ಪ್ರಾಕ್ಸ್‌ಮಾಕ್ಸ್‌ನ ಆಡಳಿತ ಪುಟ ಇರುವ 8006ನೇ ಪೋರ್ಟ್ ಸಂಖ್ಯೆ, ದೂರದಿಂದ ಲಾಗಿನ್ ಆಗುವ 22ನೇ ಸಂಖ್ಯೆ ಎರಡೂ ಹೊರಗಿನವರಿಗೆ ಕಾಣತೊಡಗುತ್ತವೆ. ಹೆಬ್ಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಆ ಪುಟ ಯಾರ ಕೈಗಾದರೂ ಸಿಕ್ಕರೆ ಫೈರ್‌ವಾಲ್ ಸೇರಿದಂತೆ ಪೆಟ್ಟಿಗೆಯಲ್ಲಿರುವ ಎಲ್ಲವೂ ಅವರದ್ದೇ.

ಐಪಿವಿ4 ಚೌಕ ಖಾಲಿ ಬಿಟ್ಟರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಎದ್ದು ನಿಂತ ಪ್ರತಿ ಇಂಟರ್‌ಫೇಸ್‌ಗೂ ಲಿನಕ್ಸ್ ತಾನಾಗಿಯೇ ಒಂದು ಐಪಿವಿ6 ಸ್ಥಳೀಯ ವಿಳಾಸ ಕೊಟ್ಟುಕೊಳ್ಳುತ್ತದೆ. ಆಚೆಯ ರೌಟರ್ ಐಪಿವಿ6 ಪ್ರಕಟಣೆ ಕಳಿಸುತ್ತಿದ್ದರೆ ಜಗತ್ತಿನಿಂದ ನೇರ ತಲುಪಬಲ್ಲ ವಿಳಾಸವೂ ಸೇರಿಕೊಳ್ಳಬಹುದು. ಹೊರಗಿನ ಬ್ರಿಡ್ಜ್ ಮಟ್ಟಿಗೆ ಐಪಿವಿ6 ನಿಲ್ಲಿಸುವ ಕರ್ನಲ್ ಸೆಟ್ಟಿಂಗ್ ಇದೆ. ಅದನ್ನು ಹಾಕಿ, ಯಂತ್ರ ಮರುಚಾಲನೆ ಮಾಡಿ, ವಿಎಂಬಿಆರ್1ರ ಮೇಲೆ ಯಾವ ವಿಳಾಸವೂ ಇಲ್ಲವೆಂದು ಕಣ್ಣಾರೆ ನೋಡಬೇಕು.

ಹೊರಗಿನ ತಂತಿ ಹೋಸ್ಟ್‌ನ ಕೈಯನ್ನೇ ಮುಟ್ಟದಂತೆ ಮಾಡುವ ಇನ್ನೊಂದು ವಿಧಾನ ಪಾಸ್‌ಥ್ರೂ. ನಿಜವಾದ ಪೋರ್ಟನ್ನೇ ಇಡಿಯಾಗಿ ಫೈರ್‌ವಾಲಿನ ವಶಕ್ಕೆ ಕೊಡುವುದು. ಇದಕ್ಕೆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ನಲ್ಲಿ ಇಂಟೆಲ್‌ನ ವಿಟಿ-ಡಿ ಅಥವಾ ಎಎಂಡಿಯ ಎಎಂಡಿ-ವಿಐ ಬೇಕು, ಬಯಾಸ್‌ನಲ್ಲಿ ಅದು ಚಾಲೂ ಇರಬೇಕು. ಹಾಗೆ ಕೊಟ್ಟ ಪೋರ್ಟ್ ಹೋಸ್ಟ್‌ನ ಪಟ್ಟಿಯಿಂದಲೇ ಮಾಯವಾಗುತ್ತದೆ. ಅದು ಇಂಟೆಲ್ ಐ226 ಆಗಿದ್ದರೆ ಫ್ರೀಬಿಎಸ್‌ಡಿಯೊಳಗೆ ‘ಐಜಿಸಿ0’ ಎಂದು ಕಾಣಿಸಿಕೊಳ್ಳುತ್ತದೆ. ಪ್ಯಾಕೆಟ್ ಲಿನಕ್ಸ್‌ನ ನೆಟ್‌ವರ್ಕ್ ಪದರವನ್ನು ಹಾಯುವುದೇ ಇಲ್ಲ.

ಪ್ರತಿಯಾಗಿ ಬಿಟ್ಟುಕೊಡಬೇಕಾದದ್ದೂ ಇದೆ. ಆ ಪೋರ್ಟನ್ನು ಬೇರೆ ಯಾವ ವರ್ಚುವಲ್ ಕಂಪ್ಯೂಟರೂ ಹಂಚಿಕೊಳ್ಳಲಾರದು, ಓಡುತ್ತಿರುವ ಫೈರ್‌ವಾಲನ್ನು ಇನ್ನೊಂದು ಹೋಸ್ಟ್‌ಗೆ ಸಾಗಿಸಲು ಬರುವುದಿಲ್ಲ. ಅಗ್ಗದ ಬೋರ್ಡ್‌ಗಳಲ್ಲಿ ಎರಡು ಮೂರು ಸಾಧನಗಳು ಒಂದೇ ಐಒಎಂಎಂಯು ಗುಂಪಿನಲ್ಲಿ, ಅಂದರೆ ಬಿಡಿಸಿ ಕೊಡಲಾಗದ ಒಂದೇ ಕಟ್ಟಿನಲ್ಲಿ, ಸಿಲುಕಿರುವುದೂ ಉಂಟು. ಆಗ ಒಂದನ್ನು ಕೊಡಲು ಹೋದರೆ ಎಲ್ಲವನ್ನೂ ಕೊಡಬೇಕಾಗುತ್ತದೆ. ಮನೆಯ ಸಾಮಾನ್ಯ ಫೈಬರ್ ವೇಗಕ್ಕೆ ಬ್ರಿಡ್ಜ್‌ಗೆ ಸೇರುವ ವರ್ಚುವಲ್ ಕಾರ್ಡ್, ಅಂದರೆ ವರ್ಟ್‌ಐಒ ಕಾರ್ಡ್, ಧಾರಾಳ ಸಾಕು. ಹೊರಗಿನ ಪೋರ್ಟನ್ನು ಮಾತ್ರ ಪಾಸ್‌ಥ್ರೂ ಮಾಡಿ ಒಳಗಿನವನ್ನು ಬ್ರಿಡ್ಜ್‌ನಲ್ಲಿ ಇಡುವುದು ನಡುವಿನ ದಾರಿ. ಒಳಗಿನ ಬ್ರಿಡ್ಜ್ ಉಳಿದರೆ ಫೋಟೊ ಸರ್ವರ್‌ನಂಥ ನೆರೆಯ ವರ್ಚುವಲ್ ಕಂಪ್ಯೂಟರ್‌ಗಳೂ ಅಲ್ಲೇ ಸೇರಿಕೊಳ್ಳುತ್ತವೆ.

ವರ್ಟ್‌ಐಒ ಬಳಸುವಾಗ ತಪ್ಪದೆ ನೋಡಬೇಕಾದ ಎರಡು ಗುಂಡಿಗಳಿವೆ. ಫೈರ್‌ವಾಲಿನೊಳಗೆ ‘ಹಾರ್ಡ್‌ವೇರ್ ಚೆಕ್‌ಸಮ್ ಆಫ್‌ಲೋಡ್’ ನಿಲ್ಲಿಸಿರಬೇಕು. ಪ್ಯಾಕೆಟ್ ಕೆಡದೆ ಬಂದಿದೆಯೇ ಎಂಬ ಲೆಕ್ಕವನ್ನು ಕಾರ್ಡಿಗೆ ವಹಿಸುವ ಸೌಲಭ್ಯ ಅದು. ವರ್ಚುವಲ್ ಕಾರ್ಡಿನಲ್ಲಿ ನಿಜವಾದ ಚಿಪ್ ಇಲ್ಲದ್ದರಿಂದ ಲೆಕ್ಕ ತಪ್ಪಿದ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಪಿಂಗ್ ಹೋಗುತ್ತದೆ, ಪುಟಗಳು ಮಾತ್ರ ತೆರೆಯುವುದಿಲ್ಲ ಎಂಬ ವಿಚಿತ್ರ ಲಕ್ಷಣ ಕಂಡರೆ ಮೊದಲು ಇಲ್ಲಿ ನೋಡಬೇಕು. ಎರಡನೆಯದು, ವರ್ಚುವಲ್ ಕಾರ್ಡ್ ಸೇರಿಸುವಾಗ ಪ್ರಾಕ್ಸ್‌ಮಾಕ್ಸ್ ತಾನಾಗಿಯೇ ಗುರುತು ಹಾಕಿಡುವ ತನ್ನದೇ ಫೈರ್‌ವಾಲಿನ ಚೌಕ. ಫೈರ್‌ವಾಲಿನ ಕಾರ್ಡುಗಳ ಮೇಲೆ ಆ ಗುರುತು ತೆಗೆದಿಡಬೇಕು. ಇಲ್ಲದಿದ್ದರೆ ನಡುವೆ ಇನ್ನೊಂದು ಬ್ರಿಡ್ಜ್ ಹುಟ್ಟಿಕೊಂಡು ದೋಷ ಹುಡುಕುವುದು ಕಷ್ಟವಾಗುತ್ತದೆ.

ನಮ್ಮ ಊರುಗಳ ಮನೆಗಳಿಗೆ ಬರುವ ಫೈಬರ್ ಸಂಪರ್ಕದಲ್ಲಿ ಹೊರಗಿನ ಪೋರ್ಟಿಗೆ ಇನ್ನಷ್ಟು ಕೆಲಸವಿದೆ. ಕಂಪನಿಯವರು ಗೋಡೆಗೆ ಹಾಕಿ ಹೋಗುವ ಓಎನ್‌ಟಿ ಪೆಟ್ಟಿಗೆ ಸಾಮಾನ್ಯವಾಗಿ ತಾನೇ ರೌಟರ್ ಕೂಡ ಆಗಿರುತ್ತದೆ. ಅದನ್ನು ಹಾಗೇ ಬಿಟ್ಟು ಹಿಂದೆ ಫೈರ್‌ವಾಲ್ ಇಟ್ಟರೆ ವಿಳಾಸ ಬದಲಾವಣೆ ಎರಡು ಸಲ ನಡೆಯುತ್ತದೆ. ಅದಕ್ಕಿಂತ ಮೊದಲು ಎದುರಾಗುವ ತೊಡಕು ಸಣ್ಣದು, ಆದರೆ ಕೆಲಸ ನಿಲ್ಲಿಸುವಂಥದ್ದು. ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡೂ ಒಳಜಾಲಕ್ಕೆ 192.168.1.1 ಎಂಬ ವಿಳಾಸದೊಂದಿಗೇ ಬರುತ್ತವೆ, ಬಹಳಷ್ಟು ಓಎನ್‌ಟಿಗಳದ್ದೂ ಅದೇ. ಎರಡೂ ಕಡೆ ಒಂದೇ ಜಾಲಸಂಖ್ಯೆ ಇದ್ದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕೆಂದು ಫೈರ್‌ವಾಲಿಗೆ ತಿಳಿಯುವುದಿಲ್ಲ. ಒಳಜಾಲವನ್ನು 192.168.10ಕ್ಕೋ 10.20.30ಕ್ಕೋ ಬದಲಿಸುವುದು ಮೊದಲ ಹೆಜ್ಜೆ.

ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿಕೊಂಡರೆ, ಅಂದರೆ ಅದರ ರೌಟರ್ ಕೆಲಸ ಬಿಡಿಸಿದರೆ, ಲಾಗಿನ್ ಆಗುವ ಹೊಣೆ ಫೈರ್‌ವಾಲಿನದು. ಬಿಎಸ್‌ಎನ್‌ಎಲ್ ಫೈಬರ್‌ನಂಥ ಸಂಪರ್ಕಗಳಲ್ಲಿ ಇದು ಪಿಪಿಪಿಒಇ ಎಂಬ ವಿಧಾನ. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಡಬೇಕು. ಪ್ರತಿ ಪ್ಯಾಕೆಟ್‌ನಲ್ಲಿ 8 ಬೈಟ್ ಈ ವಿಧಾನಕ್ಕೇ ಹೋಗುವುದರಿಂದ 1500 ಬೈಟ್‌ನ ಗರಿಷ್ಠ ಅಳತೆ 1492ಕ್ಕೆ ಇಳಿಯುತ್ತದೆ. ಈ ಅಳತೆ ಸರಿಯಿಲ್ಲದಿದ್ದರೆ ಕೆಲವು ತಾಣಗಳು ಸಲೀಸಾಗಿ ತೆರೆದು ಕೆಲವು ಅರ್ಧಕ್ಕೇ ನಿಂತುಬಿಡುತ್ತವೆ. ಕೆಲವೆಡೆ ಕಂಪನಿ ತನ್ನ ಸಂಪರ್ಕವನ್ನು ನಿರ್ದಿಷ್ಟ ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರೆಬೇರೆ ಜಾಲ ಹರಿಸುವ ವಿಧಾನ) ಸಂಖ್ಯೆಯ ಮೇಲೆ ಕೊಡುತ್ತದೆ. ಆ ಸಂಖ್ಯೆಯನ್ನು ಲೈನ್‌ಮನ್ ಬಳಿ ಕೇಳಿ ಬರೆದಿಟ್ಟುಕೊಳ್ಳಬೇಕು. ಅದನ್ನು ಪ್ರಾಕ್ಸ್‌ಮಾಕ್ಸ್‌ನ ಕಾರ್ಡಿನಲ್ಲಾದರೂ ನಮೂದಿಸಬಹುದು, ಫೈರ್‌ವಾಲಿನಲ್ಲಾದರೂ ನಮೂದಿಸಬಹುದು. ಎರಡರಲ್ಲೂ ಹಾಕಿದರೆ ಪ್ಯಾಕೆಟ್‌ಗೆ ಎರಡು ಮುದ್ರೆ ಬಿದ್ದು ಆಚೆ ಬದಿಯಲ್ಲಿ ಯಾರೂ ಅದನ್ನು ಗುರುತಿಸುವುದಿಲ್ಲ.

ಎಲ್ಲ ಸರಿಯಾದ ಮೇಲೆ ಹೊರಗಿನ ಇಂಟರ್‌ಫೇಸ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ಕಂಪನಿಯೇ ಹಲವು ಮನೆಗಳಿಗೆ ಒಂದು ಸಾರ್ವಜನಿಕ ವಿಳಾಸ ಹಂಚುತ್ತಿದೆ ಎಂದರ್ಥ. 2012ರಲ್ಲಿ ಈ ಉದ್ದೇಶಕ್ಕೆಂದೇ ಮೀಸಲಿಟ್ಟ ವ್ಯಾಪ್ತಿ ಅದು. ಮನೆಯವರು ಹೊರಗಿನಿಂದ ತಮ್ಮ ಸರ್ವರ್ ತಲುಪಬೇಕೆಂದರೆ ಸ್ಥಿರ ಸಾರ್ವಜನಿಕ ವಿಳಾಸ ಕೇಳಬೇಕು ಅಥವಾ ಐಪಿವಿ6 ಮೂಲಕ ಬರಬೇಕು.

ಎಲ್ಲರ ಪೆಟ್ಟಿಗೆಗೂ ನಾಲ್ಕು ಪೋರ್ಟ್ ಇರುವುದಿಲ್ಲ. ಕಚೇರಿಗಳು ಮಾರಿದ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಇರುವುದು ಒಂದೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ನೆಟ್‌ವರ್ಕ್ ಕಾರ್ಡ್ ಕೊಂಡು ಸೇರಿಸುವುದು ಒಂದು ದಾರಿ; ವಿಲ್ಯಾನ್ ಅರ್ಥಮಾಡಿಕೊಳ್ಳುವ ಮ್ಯಾನೇಜ್ಡ್ ಸ್ವಿಚ್ ತರುವುದು ಇನ್ನೊಂದು. 802.1ಕ್ಯು ಎಂಬ ಮಾನದಂಡ ಪ್ರತಿ ಪ್ಯಾಕೆಟ್‌ಗೂ 4 ಬೈಟ್‌ನ ಚೀಟಿ ಅಂಟಿಸುತ್ತದೆ, ಅದರ 12 ಬಿಟ್‌ಗಳಲ್ಲಿ 4094 ಬೇರೆಬೇರೆ ಜಾಲಗಳನ್ನು ಹೆಸರಿಸಬಹುದು. ಒಂದೇ ತಂತಿಯಲ್ಲಿ ಹೊರಜಾಲ 10, ಒಳಜಾಲ 20, ಕ್ಯಾಮೆರಾ 30 ಎಂದು ಹರಿಸಿ, ಸ್ವಿಚ್‌ನಲ್ಲಿ ಬಿಡಿಸಿಕೊಳ್ಳಬಹುದು. ಇಲ್ಲಿ ಎಚ್ಚರ ಇಮ್ಮಡಿ ಬೇಕು, ಏಕೆಂದರೆ ಸ್ವಿಚ್‌ನ ಒಂದು ಪೋರ್ಟ್ ತಪ್ಪು ಸಂಖ್ಯೆಗೆ ಸೇರಿದರೂ ಹೊರಗಿನ ಇಂಟರ್‌ನೆಟ್ ನೇರವಾಗಿ ಮಲಗುವ ಕೋಣೆಯ ಟಿವಿಯವರೆಗೆ ಬಂದು ನಿಲ್ಲುತ್ತದೆ.

ಕ್ಯಾಮೆರಾಗಳಿಗೆ ಪ್ರತ್ಯೇಕ ಜಾಲವೇಕೆ ಎಂಬುದಕ್ಕೆ 2016ರಷ್ಟು ಸ್ಪಷ್ಟ ಉತ್ತರ ಬೇರೆಯಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೌಟರ್, ರೆಕಾರ್ಡರ್‌ಗಳನ್ನು ಮಿರಾಯ್ ಎಂಬ ದುಷ್ಟ ತಂತ್ರಾಂಶ ಸೆರೆಹಿಡಿದು ಸೇನೆ ಕಟ್ಟಿತು. ಆ ವರ್ಷದ ಅಕ್ಟೋಬರ್ 21ರಂದು ಅದು ಡಿಎನ್‌ಎಸ್ ಸೇವೆ ಕೊಡುವ ಡಿನ್ ಕಂಪನಿಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದ ಹಲವೆಡೆ ಸಿಗದಾದವು. ಮೂರನೆಯ ಬ್ರಿಡ್ಜ್‌ನಲ್ಲಿರುವ ಕ್ಯಾಮೆರಾ ಮನೆಯ ರೆಕಾರ್ಡರ್ ಜೊತೆ ಮಾತ್ರ ಮಾತಾಡಲಿ, ಇಂಟರ್‌ನೆಟ್‌ಗೆ ಹೋಗದಿರಲಿ ಎಂಬ ಎರಡು ನಿಯಮ ಬರೆದರೆ ಆ ಮನೆ ಅಂಥ ಸೇನೆಗೆ ಆಳು ಕೊಡುವುದಿಲ್ಲ.

ಫೈರ್‌ವಾಲನ್ನು ವರ್ಚುವಲ್ ಮಾಡುವುದೇ ಸರಿಯಲ್ಲ ಎನ್ನುವವರ ವಾದದಲ್ಲೂ ಹುರುಳಿದೆ. 2015ರ ಮೇ ತಿಂಗಳಲ್ಲಿ ಬಯಲಾದ ‘ವೆನಮ್’ ಎಂಬ ದೋಷ ಕೆವಿಎಂ ಜೊತೆಗೂಡಿ ವರ್ಚುವಲ್ ಸಾಧನಗಳನ್ನು ಒದಗಿಸುವ ಕ್ಯೂಎಮು ತಂತ್ರಾಂಶದ ಫ್ಲಾಪಿ ಡ್ರೈವ್ ಭಾಗದಲ್ಲಿತ್ತು. ಯಾರೂ ಬಳಸದ ಆ ಭಾಗದಲ್ಲಿ 2004ರಿಂದಲೂ ಅಡಗಿ ಕೂತಿತ್ತು. ವರ್ಚುವಲ್ ಕಂಪ್ಯೂಟರಿನೊಳಗಿನಿಂದ ಹೋಸ್ಟ್‌ಗೆ ನುಗ್ಗಲು ಅದು ದಾರಿ ಮಾಡಿಕೊಡಬಲ್ಲದಾಗಿತ್ತು. ಹೋಸ್ಟ್‌ನ ಅಪ್‌ಡೇಟ್ ಮುಂದೂಡದಿರುವುದು, ಬೇಡದ ವರ್ಚುವಲ್ ಸಾಧನ ತೆಗೆದುಹಾಕುವುದು, ಹೊರಗಿನವರು ನೇರ ತಲುಪುವ ಸೇವೆಗಳನ್ನು ಈ ಪೆಟ್ಟಿಗೆಯಲ್ಲಿ ಕಡಿಮೆ ಇಡುವುದು ಇದಕ್ಕೆ ಮದ್ದು. ಬದಲಿಗೆ ಸಿಗುವ ಲಾಭವೂ ಸಣ್ಣದಲ್ಲ. ಅಪ್‌ಡೇಟ್‌ಗೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಏನಾದರೂ ಕೆಟ್ಟಾಗ ಕೆಲವೇ ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು.

ಕರೆಂಟ್ ಹೋಗಿ ಬಂದಾಗ ಏನಾಗಬೇಕೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. ಬಯಾಸ್‌ನಲ್ಲಿ ವಿದ್ಯುತ್ ಬಂದೊಡನೆ ಯಂತ್ರ ತಾನೇ ಏಳುವಂತೆ, ಪ್ರಾಕ್ಸ್‌ಮಾಕ್ಸ್‌ನಲ್ಲಿ ಫೈರ್‌ವಾಲ್ ಎಲ್ಲರಿಗಿಂತ ಮೊದಲು ಏಳುವಂತೆ ಹೊಂದಿಸಿ, ಉಳಿದವು ಸ್ವಲ್ಪ ತಡವಾಗಿ ಏಳಲು ಬಿಡಬೇಕು. ಹೊಸ ಪಿಸಿಐ ಕಾರ್ಡ್ ಸೇರಿಸಿದಾಗ ಬಸ್ ಸಂಖ್ಯೆ ಸರಿದು ನೆನ್ನೆಯ ಇಎನ್‌ಪಿ2ಎಸ್0 ಇವತ್ತು ಇಎನ್‌ಪಿ3ಎಸ್0 ಆಗುವುದುಂಟು. ಆಗ ಬ್ರಿಡ್ಜ್ ತನ್ನ ಪೋರ್ಟನ್ನು ಕಳೆದುಕೊಳ್ಳುತ್ತದೆ. ಮ್ಯಾಕ್ ವಿಳಾಸಕ್ಕೆ ಹೆಸರನ್ನು ಕಟ್ಟಿಹಾಕುವ ಸಿಸ್ಟಮ್‌ಡಿಯ ಲಿಂಕ್ ಫೈಲ್ ಬರೆದಿಟ್ಟರೆ ಈ ತೊಂದರೆ ಇಲ್ಲ. ಇಂಥ ಅವಘಡಕ್ಕೆಂದೇ ನಾಲ್ಕನೆಯ ಪೋರ್ಟ್. ಅದಕ್ಕೊಂದು ಪ್ರತ್ಯೇಕ ಬ್ರಿಡ್ಜ್, 10.99.0.1 ಎಂಬ ಸ್ಥಿರ ವಿಳಾಸ, ಗೇಟ್‌ವೇ ಇಲ್ಲ, ತಂತಿಯೂ ಇಲ್ಲ. ಉಳಿದೆಲ್ಲ ಹದಗೆಟ್ಟಾಗ ಲ್ಯಾಪ್‌ಟಾಪ್‌ಗೆ 10.99.0.2 ಕೊಟ್ಟು ತಂತಿ ಸಿಕ್ಕಿಸಿದರೆ ಆಡಳಿತ ಪುಟ ತೆರೆಯುತ್ತದೆ.

ನಕ್ಷೆ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದು, ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಮನೆಯದೇ ಸಾರ್ವಜನಿಕ ವಿಳಾಸವನ್ನು, ಐಪಿವಿ6 ಇದ್ದರೆ ಅದನ್ನೂ, ಎನ್‌ಮ್ಯಾಪ್‌ನಂಥ ಸಾಧನದಿಂದ ತಪಾಸಣೆ ಮಾಡುವುದು; 8006 ಮತ್ತು 22 ಉತ್ತರಿಸಬಾರದು. ಎರಡನೆಯದು ಮನೆಯವರಿಗೆ ಮೊದಲೇ ಹೇಳಿ ಮಾಡಬೇಕಾದದ್ದು. ಫೈರ್‌ವಾಲನ್ನು ಪ್ರಾಕ್ಸ್‌ಮಾಕ್ಸ್‌ನಿಂದ ಪೂರ್ತಿ ಆರಿಸಿ, ಮೊಬೈಲ್ ಡೇಟಾ ನಿಲ್ಲಿಸಿದ ಫೋನು, ಟಿವಿ, ಲ್ಯಾಪ್‌ಟಾಪ್ ಮತ್ತು ಹೋಸ್ಟ್‌ನಿಂದಲೂ ಇಂಟರ್‌ನೆಟ್ ತೆರೆದು ನೋಡುವುದು. ಯಾವುದರಲ್ಲೂ ಬರಬಾರದು, ಹೋಸ್ಟ್‌ನ ಆಡಳಿತ ಪುಟ ಮಾತ್ರ ಒಳಜಾಲದಿಂದ ತೆರೆಯಬೇಕು. ಫೈರ್‌ವಾಲ್ ಆರಿದ್ದರೂ ಯಾವುದಾದರೂ ಸಾಧನದಲ್ಲಿ ಪುಟ ತೆರೆದರೆ ಅದು ಬೇರೊಂದು ದಾರಿಯಿಂದ ಹೋಗುತ್ತಿದೆ. ಸಾಮಾನ್ಯವಾಗಿ ಅದು ಓಎನ್‌ಟಿಯಲ್ಲಿ ಇನ್ನೂ ಉರಿಯುತ್ತಿರುವ ಹಳೆಯ ವೈಫೈ, ಇಲ್ಲವೇ ಸ್ವಿಚ್‌ನಲ್ಲಿ ಉಳಿದುಹೋದ ಒಂದು ತಂತಿ. ಅದನ್ನು ಹುಡುಕಿ ಕಿತ್ತು, ಎರಡೂ ಪರೀಕ್ಷೆಗಳನ್ನು ಮತ್ತೆ ಮಾಡಬೇಕು.